ಕನ್ಸರ್ವೆನ್ಸಿಯ ವಿಷ್ಣುಕ್ರಾಂತಿ

ನಮ್ಮ ಬೀದಿಯ ಜನ ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಕೆಟ್ಟವರನ್ನು ಬೈಯಬಹುದು, ಅವರ ಜೊತೆ ಮಾತು ಬಿಡಬಹುದು, ಎದುರಿಗೆ ಬಂದಾಗ ಮುಖ ತಿರುಗಿಸಿಕೊಂಡು ಹೋಗಬಹುದು. ಇವರೋ ಒಬ್ಬರಿಗಿಂತ ಒಬ್ಬರು ಒಳ್ಳೆಯವರು. ಮನೆಯಲ್ಲಿ ಪಾಯಸ ಮಾಡಿದರೆ ಒಂದು ಲೋಟ ತಂದುಕೊಡುತ್ತಾರೆ, ಜ್ವರ ಬಂತೆಂದರೆ ಗಂಜಿ ಕಳಿಸುತ್ತಾರೆ. ಅಂಥವರೇ ಸೇರಿಕೊಂಡು, ಸ್ನಾನ ಮಾಡಿ, ರೇಷ್ಮೆ ಉಟ್ಟುಕೊಂಡು, ನಮ್ಮ ಮನೆಯ ಹಿಂದೆ ಇದ್ದ ಒಂದು ಬೊಗಸೆಯಷ್ಟು ಗಿಡವನ್ನು ಇಲ್ಲವಾಗಿಸಿಬಿಟ್ಟರು. ಈಗ ಯಾರನ್ನು ಹಿಡಿದು ಬೈಯಲಿ?

ನಾವಿರುವುದು ಮೈಸೂರಿನ ಲಕ್ಷ್ಮೀಪುರಂನಲ್ಲಿ. ಇಲ್ಲಿನ ಹಳೆಯ ಮನೆಗಳ ಹಿಂದೆ ಒಂದು ಕನ್ಸರ್ವೆನ್ಸಿ ಇರುತ್ತದೆ. ಎರಡು ಸಾಲು ಮನೆಗಳ ಹಿಂಗೋಡೆಗಳ ನಡುವೆ, ಕಕ್ಕಸು ಬಳಿಯುವವರು ಬಂದುಹೋಗಲೆಂದು ಹಿಂದಿನ ಕಾಲದಲ್ಲಿ ಬಿಟ್ಟ ಓಣಿ ಅದು. ಒಳಚರಂಡಿ ಬಂದ ಮೇಲೆ ಆ ಹೀನ ಪದ್ಧತಿ ಹೋಯಿತು, ಓಣಿ ಮಾತ್ರ ಉಳಿಯಿತು. ಯಾರಿಗೂ ಬೇಡವಾದ ಜಾಗವಾದ್ದರಿಂದ, ಬೇರೆಲ್ಲೂ ಜಾಗ ಸಿಗದವರೆಲ್ಲ ಅಲ್ಲಿ ಬಂದು ಸೇರಿಕೊಂಡಿದ್ದರು. ತುಂಬೆ, ಉತ್ತರಣೆ, ಎಕ್ಕ, ದತ್ತೂರ, ಗರಿಕೆ, ಗೋಡೆಯ ಬಿರುಕಿನಲ್ಲಿ ಒಂದು ಅರಳಿ. ಎಕ್ಕದ ಎಲೆಯಡಿ ಪಟ್ಟೆಪಟ್ಟೆಯ ಹುಳು, ಆ ಹುಳುವಿನಿಂದ ಮುಂದೆ ಕಿತ್ತಳೆ ಬಣ್ಣದ ಚಿಟ್ಟೆ. ಮಳೆ ಬಿದ್ದ ಸಂಜೆ ಕಪ್ಪೆಗಳ ಗದ್ದಲಕ್ಕೆ ಟೀವಿ ಕೇಳಿಸುತ್ತಿರಲಿಲ್ಲ. ಬೆಳಗಿನ ಹೊತ್ತು ಒಂದು ಮುಂಗುಸಿ ನಮ್ಮ ಹಿತ್ತಿಲ ಬಾಗಿಲ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತು, ಇವಳು ಇನ್ನೂ ಇಲ್ಲೇ ಇದ್ದಾಳಾ ಎನ್ನುವಂತೆ ನನ್ನನ್ನು ನೋಡಿ ಮುಂದೆ ಹೋಗುತ್ತಿತ್ತು.

ಜೀವಮಾನವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತು ಎದ್ದವಳು ನಾನು. ನಿವೃತ್ತಿಯಾದ ಮೇಲೆ ಬೆಳಗಿನ ಕಾಫಿಯನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕುಡಿಯುವುದು ರೂಢಿಯಾಯಿತು. ಬಡಾವಣೆಯ ಪಾರ್ಕಿಗೆ ಹೋಗಬಾರದೇ ಎಂದು ನಮ್ಮನೆಯವರು ಕೇಳುತ್ತಾರೆ. ಪಾರ್ಕಿನಲ್ಲಿ ಏನಿದೆ? ಹುಲ್ಲುಹಾಸು, ಕತ್ತರಿ ಆಡಿಸಿದ ಬೇಲಿ, ಗೇಟಿನ ಪಕ್ಕ ಸಿಮೆಂಟಿನ ನವಿಲು. ಹುಲ್ಲಿನ ನಡುವೆ ತಾನಾಗಿ ಒಂದು ಗಿಡ ತಲೆಯೆತ್ತಿದರೆ ಮಾರನೆಯ ದಿನ ಕಿತ್ತು ಬಿಸಾಡಿರುತ್ತಾರೆ. ನೋಡಲು ಹೋಗಿ ನನ್ನ ಬಿ.ಪಿ. ಏರಿಸಿಕೊಂಡು ಬರಲೇ?

ಓಣಿಯಲ್ಲಿ ನಮ್ಮ ಹಿತ್ತಿಲ ಬಾಗಿಲಿಗೆ ಹತ್ತಿರವಾಗಿ, ಕೆಂಪು ಮಣ್ಣಿನ ಒಂದು ಸಣ್ಣ ದಿಬ್ಬವಿತ್ತು. ದಿಬ್ಬ ಎನ್ನುವಷ್ಟು ದೊಡ್ಡದೇನಲ್ಲ, ಕಾಲಿಟ್ಟರೆ ಗೊತ್ತಾಗುವಷ್ಟು ಉಬ್ಬು. ಅದರ ಮೇಲೆ ವಿಷ್ಣುಕ್ರಾಂತಿ ಹಬ್ಬಿತ್ತು. ನೆಲಕ್ಕೆ ಅಂಟಿಕೊಂಡೇ ಹರಡುವ, ದಾರದಷ್ಟು ಸಣ್ಣ ಕಾಂಡದ, ಬೂದಿ ಬಳಿದಂಥ ಎಲೆಯ ಗಿಡ. ಹೂವು ಕಡಲೆಕಾಳಿನಷ್ಟು, ಆದರೆ ಎಂಥ ನೀಲಿ! ಬೆಳಿಗ್ಗೆ ಅರಳಿ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಂಡು, ಅಲ್ಲಿ ಏನೂ ಇರಲೇ ಇಲ್ಲವೇನೋ ಎನ್ನುವಂತೆ ಆಗಿಬಿಡುತ್ತಿತ್ತು. ಅದು ನಮ್ಮ ಅತ್ತೆಯ ಗಿಡ. ಅವರೇನು ನೆಟ್ಟು ನೀರು ಹಾಕಿದ್ದಲ್ಲ. ಆದರೂ ಅದು ಅವರದೇ, ಹೇಗೆಂದು ಹೇಳುತ್ತೇನೆ.

ಅತ್ತೆಯ ತವರು ಮಂಡಕಳ್ಳಿ ಕಡೆಯ ಒಂದು ಹಳ್ಳಿ. ಊರ ಹೊರಗೆ ದನ ಮೇಯುವ ಬಯಲು, ಬಯಲ ತುಂಬ ಕೆಮ್ಮಣ್ಣು. ಮದುವೆಯಾಗಿ ಮೈಸೂರಿಗೆ ಬಂದ ಮೇಲೂ ಅತ್ತೆ ಗೌರಿ ಹಬ್ಬಕ್ಕೆ ಮುಂಚೆ ತವರಿಗೆ ಹೋಗಿ ಒಂದು ಕುಕ್ಕೆ ಕೆಮ್ಮಣ್ಣು ಹೊತ್ತು ತರುತ್ತಿದ್ದರು. ಅದರಲ್ಲೇ ಗಣಪತಿ ಮಾಡುವುದು, ಅದನ್ನೇ ಕದಡಿ ಹೊಸ್ತಿಲ ಮುಂದೆ ಬಳಿದು ಮೇಲೆ ರಂಗೋಲಿ ಎಳೆಯುವುದು. ಮಿಕ್ಕ ಮಣ್ಣನ್ನು ಹಿತ್ತಿಲ ಬಾಗಿಲು ತೆರೆದು ಓಣಿಗೆ ಸುರಿಯುವುದು. ಆ ಮಣ್ಣಿನ ಜೊತೆ ಬಯಲಿನ ಬೀಜವೂ ಬಂದಿತ್ತು. ಹೀಗೆ ವರ್ಷ ವರ್ಷ ಸುರಿದ ಮಣ್ಣಿನಿಂದ ದಿಬ್ಬವಾಯಿತು, ದಿಬ್ಬದ ಮೇಲೆ ತವರಿನ ವಿಷ್ಣುಕ್ರಾಂತಿ ಹಬ್ಬಿತು.

ಬಯಲು ಈಗ ಇಲ್ಲ. ಅಳತೆ ಮಾಡಿ, ಕಲ್ಲು ನೆಟ್ಟು, ಸೈಟು ಮಾಡಿ, ಮೇಲೆ ಟಾರು ಹಾಕಿದ್ದಾರೆ. ಅತ್ತೆಯನ್ನು ಅವರ ತಮ್ಮನ ಮಗನ ಮದುವೆಗೆಂದು ಕಾರಿನಲ್ಲಿ ಕರೆದುಕೊಂಡು ಹೋದಾಗ, ಊರು ಬಂತು ಇಳೀರಿ ಎಂದರೆ ಅವರು ನಂಬಲಿಲ್ಲ. ಬಯಲು ಎಲ್ಲಿ ಎಂದು ಕೇಳಿದರು. ಇದೇ ಬಯಲು ಎಂದು ತಮ್ಮ ಹೇಳಿದ ಮೇಲೆ ಮತ್ತೆ ಆ ವಿಷಯ ಎತ್ತಲಿಲ್ಲ. ಮನೆಗೆ ಬಂದವರು ಕೈಕಾಲು ತೊಳೆದು, ಹಿತ್ತಿಲ ಬಾಗಿಲು ತೆಗೆಸಿ, ದಿಬ್ಬದ ಮುಂದೆ ಕುರ್ಚಿ ಹಾಕಿಸಿಕೊಂಡು ಕತ್ತಲಾಗುವ ತನಕ ಕೂತಿದ್ದರು. ಹಾಗಾಗಿ ಆ ಗಿಡ ಹೋದರೆ ಅತ್ತೆಗೆ ಏನು ಹೋಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಪತ್ರೆಯ ವಿಷಯ. ಗಣಪತಿ ಹಬ್ಬದ ದಿನ ಇಪ್ಪತ್ತೊಂದು ಬಗೆಯ ಎಲೆಗಳಿಂದ ಪೂಜೆ ಮಾಡುವುದುಂಟಷ್ಟೆ. ಅತ್ತೆಯ ಹಳ್ಳಿಯಲ್ಲಿ ಇದೆಲ್ಲ ಇರಲಿಲ್ಲ, ಗರಿಕೆ ಮತ್ತು ಎಕ್ಕದ ಹೂವಿಗೇ ಗಣಪತಿ ಒಲಿಯುತ್ತಿದ್ದ. ನಮ್ಮ ಮಾವನವರು ಮೇಷ್ಟರ ಕೆಲಸ ಸಿಕ್ಕಿ ಈ ಬೀದಿಗೆ ಬಂದ ಮೇಲೆ ಅಕ್ಕಪಕ್ಕದವರನ್ನು ನೋಡಿ ಪತ್ರೆಪೂಜೆ ಹಿಡಿದರು. ಹಿಡಿದ ಮೇಲೆ ಮೇಷ್ಟರಲ್ಲವೇ, ಪುಸ್ತಕದಲ್ಲಿದ್ದಂತೆಯೇ ಆಗಬೇಕು. ಹಬ್ಬದ ಹಿಂದಿನ ದಿನ ಸೈಕಲ್ ಹತ್ತಿ ಕೆರೆ ಏರಿ, ಖಾಲಿ ಸೈಟು, ರಸ್ತೆ ಬದಿ ಎಲ್ಲ ಸುತ್ತಿ ಚೀಲ ತುಂಬ ಎಲೆ ತರುತ್ತಿದ್ದರು. ನಾನು ಈ ಮನೆಗೆ ಬಂದ ಹೊಸದರಲ್ಲಿ ಎಲ್ಲ ಪತ್ರೆಯೂ ಸಿಗುತ್ತಿತ್ತು, ದೇವದಾರು ಒಂದನ್ನು ಬಿಟ್ಟು. ಆಮೇಲೆ ಖಾಲಿ ಸೈಟುಗಳಲ್ಲಿ ಮನೆ ಎದ್ದವು, ಬೋರೆ ಗಿಡ ಹೋಯಿತು. ಕೆರೆ ಏರಿಗೆ ಕಲ್ಲು ಹಾಸಿದರು, ಲಕ್ಕಿ ಹೋಯಿತು. ಬನ್ನಿ ಮರವಿದ್ದ ಕಡೆ ಬಸ್ಸು ನಿಲ್ಲುವ ತಂಗುದಾಣ ಬಂತು. ಮಾವನವರ ಚೀಲ ವರ್ಷ ವರ್ಷ ಹಗುರವಾಯಿತು.

ನಮ್ಮ ಪೂಜೆಗಳಲ್ಲಿ ಒಂದು ಅನುಕೂಲವಿದೆ. ಏನಿಲ್ಲವೋ ಅದರ ಬದಲು ಅಕ್ಷತೆ ಹಾಕಬಹುದು. ದೇವರಿಗೆ ವಸ್ತ್ರವಿಲ್ಲವೇ, ಎರಡು ಕಾಳು ಅಕ್ಷತೆ. ಆಭರಣವಿಲ್ಲವೇ, ಅಕ್ಷತೆ. ಬಡವರೂ ಸಂಕೋಚವಿಲ್ಲದೆ ಪೂಜೆ ಮಾಡಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು. ಅದನ್ನು ನಾವು ಹೇಗೆ ರೂಢಿ ಮಾಡಿಕೊಂಡಿದ್ದೇವೆಂದರೆ, ಬೋರೆ ಇಲ್ಲ ಅಂದಾಗ ಯಾಕೆ ಇಲ್ಲ ಎಂದು ಕೇಳುವವರೇ ಇಲ್ಲ. ಕೈ ತಾನಾಗಿ ಅಕ್ಷತೆ ಬಟ್ಟಲಿಗೆ ಹೋಗುತ್ತದೆ. ಮರ ಹೋದರೆ ಕುಂಡ, ಕೆರೆ ಹೋದರೆ ಬೋರ್‌ವೆಲ್ಲು, ಪತ್ರೆ ಹೋದರೆ ಅಕ್ಷತೆ! ನಾನು ಪ್ರತಿ ವರ್ಷ ಗೊಣಗುತ್ತಿದ್ದೆ. ಆಗ ಸಮಾಧಾನ ಹೇಳುತ್ತಿದ್ದವರು ಅತ್ತೆಯೇ. “ಅಕ್ಷತೆ ಆಕು ಬುಡು, ಆಯ್ತದೆ” ಎನ್ನುವುದು ಅವರ ಮಾತು. ಇಲ್ಲದ್ದಕ್ಕೆ ಅಳುತ್ತಾ ಕೂತರೆ ಕಡುಬು ಆರಿಹೋಗುತ್ತದೆ ಎನ್ನುವ ಜಾತಿ ಅವರದು.

ಮಾವನವರು ಹೋದ ಮೇಲೆ ಪೂಜೆ ನಮ್ಮನೆಯವರ ಪಾಲಿಗೆ ಬಂತು. ಅವರಿಗೆ ಪುಸ್ತಕ ಓದಿಕೊಂಡು ಪೂಜೆ ಮಾಡಲು ಬರುವುದಿಲ್ಲ, ಫೋನಿನಲ್ಲಿ ಯಾರೋ ಪುರೋಹಿತರು ಹೇಳಿಸುವ ಪೂಜೆ ಹಚ್ಚಿಕೊಂಡು ಮಾಡುತ್ತಾರೆ. ಆ ಪುರೋಹಿತರಿಗೆ ಯಾವಾಗಲೂ ಬಸ್ಸು ಹೊರಟುಹೋಗುವ ಅವಸರ. ಇವರು ಒದ್ದೆ ಕೈಯಲ್ಲಿ ಎಲೆ ಹುಡುಕುವಷ್ಟರಲ್ಲಿ ಅವರು ಮುಂದಿನ ಪತ್ರೆಗೆ ಹೋಗಿರುತ್ತಾರೆ. ಪತ್ರೆಯ ಕಟ್ಟು ಮಾರ್ಕೆಟ್ಟಿನಿಂದ ಬರುತ್ತದೆ. ಬಿಚ್ಚಿ ನೋಡಿದರೆ ಅದೇ ನಾಲ್ಕೈದು ಬಗೆಯ ಎಲೆಯನ್ನು ಸಣ್ಣದು ದೊಡ್ಡದು ಮಾಡಿ ಜೋಡಿಸಿರುತ್ತಾರೆ. ಎಲ್ಲಾ ಇದೆಯೇನಪ್ಪಾ ಎಂದರೆ ಎಲ್ಲಾ ಇದೆ ತಗೊಳ್ಳಿ ಎನ್ನುತ್ತಾರೆ. ವಿಷ್ಣುಕ್ರಾಂತಿ ಎಂದು ಶಂಖಪುಷ್ಪದ ಎಲೆ ಸೇರಿಸಿರುತ್ತಾರೆ. ಅದನ್ನು ಮಾತ್ರ ಅತ್ತೆ ತೆಗೆದು ಪಕ್ಕಕ್ಕಿಡುತ್ತಿದ್ದರು. ನಮ್ಮ ಮನೆಯಲ್ಲಿ ಬೇರೆ ಯಾವ ಪತ್ರೆಗೆ ಅಕ್ಷತೆ ಬಿದ್ದರೂ ವಿಷ್ಣುಕ್ರಾಂತಿಗೆ ಯಾವತ್ತೂ ಬಿದ್ದದ್ದಿಲ್ಲ. ಹಬ್ಬದ ಬೆಳಿಗ್ಗೆ ನಾನು ಕೈಹಿಡಿದು ಕರೆದುಕೊಂಡು ಹೋಗಬೇಕು, ಅತ್ತೆ ಬಗ್ಗಿ ಉಗುರಿನಲ್ಲಿ ಒಂದು ಕುಡಿ ಚಿವುಟಿಕೊಳ್ಳಬೇಕು. ಒಂದೇ ಕುಡಿ.

ಹೀಗಿರುವಾಗ ಈ ವರ್ಷ ಬೇಸಗೆಯಲ್ಲಿ ನಮ್ಮ ನಿವಾಸಿಗಳ ಸಂಘಕ್ಕೆ ಕನ್ಸರ್ವೆನ್ಸಿಯ ಮೇಲೆ ಕಣ್ಣು ಬಿತ್ತು. ಸಂಘದ ಕಾರ್ಯದರ್ಶಿಗಳು ನಿವೃತ್ತ ಇಂಜಿನಿಯರು. ಸುಮ್ಮನೆ ಕೂರಲಾರದ ಮನುಷ್ಯ, ಬೆಳಿಗ್ಗೆ ಎದ್ದರೆ ಏನನ್ನಾದರೂ ಸುಧಾರಿಸಲೇಬೇಕು. ತಮ್ಮ ಮನೆಯ ಪೋರ್ಟಿಕೋದಲ್ಲಿ ಮೀಟಿಂಗು ಕರೆದು, ಓಣಿಯನ್ನು ಕ್ಲೀನು ಮಾಡಿ ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಸಿಮೆಂಟು ಕಲ್ಲು ಹಾಕಿಸಿದರೆ ವಾಕಿಂಗಿಗೆ ಅನುಕೂಲ, ಹಾವು ಹುಳುಹುಪ್ಪಟೆ ಕಾಟವೂ ತಪ್ಪುತ್ತದೆ ಎಂದರು. ಎಲ್ಲರೂ ತಲೆ ಆಡಿಸಿದರು. ನನಗೆ ಪಿತ್ತ ನೆತ್ತಿಗೇರಿತು. ಎದ್ದು ನಿಂತೆ. ನಮ್ಮನೆಯವರು ಸೆರಗು ಹಿಡಿದು ಎಳೆದರು, ಕೊಸರಿಕೊಂಡೆ. ಮಳೆ ನೀರು ಇಂಗುವ ಜಾಗ ಅದೊಂದೇ ಎಂದೆ. ಕಪ್ಪೆಗಳಿವೆ ಎಂದೆ, ಸೊಳ್ಳೆ ತಿನ್ನುತ್ತವೆ ಎಂದೆ. ಎಕ್ಕದ ಗಿಡ ಇಲ್ಲದಿದ್ದರೆ ಆ ಚಿಟ್ಟೆ ಮೊಟ್ಟೆ ಎಲ್ಲಿ ಇಡಬೇಕು ಎಂದೆ. ಚಿಟ್ಟೆಗೆ ಪಾರ್ಕು ಇದೆಯಲ್ಲ ಮೇಡಂ ಎಂದು ಯಾರೋ ಅಂದರು. ಆ ಪಾರ್ಕಿನಲ್ಲಿ ಚಿಟ್ಟೆ ಬರೀ ಗೋಡೆ ಮೇಲಿನ ಪೇಂಟಿಂಗಿನಲ್ಲಿದೆ ಎಂದೆ. ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಅಷ್ಟು ಹೊತ್ತೂ ಸುಮ್ಮನಿದ್ದ ನಮ್ಮ ಹಿಂದಿನ ಮನೆಯಾಕೆ, ಓಣಿಯ ಆ ಬದಿಯ ಗೋಡೆ ಅವರದು, ನನ್ನ ಮೇಲಿನ ಕನಿಕರಕ್ಕೋ ಏನೋ ಬಾಯಿ ಬಿಟ್ಟರು. “ಅಲ್ಲಿ ಗಣಪತಿ ಪತ್ರೆ ಇದೆ ಕಣ್ರೀ. ಇವರ ಅತ್ತೆ ಪ್ರತಿ ಹಬ್ಬಕ್ಕೂ ಅಲ್ಲೇ ಕಿತ್ಕೊಳ್ಳೋದು, ನಾನೇ ನೋಡಿದೀನಿ.”

ಕಾರ್ಯದರ್ಶಿಗಳು ಚಪ್ಪಲಿಯಿಂದ ಕಾಲು ಹೊರಗೆಳೆದುಕೊಂಡರು. ಯಾವ ಯಾವ ಪತ್ರೆ ಎಂದು ಕೇಳಿದರು. ನಾನು ಹೇಳುತ್ತಾ ಹೋದೆ, ಉತ್ತರಣೆ, ದತ್ತೂರ, ಎಕ್ಕ, ಗರಿಕೆ, ಅರಳಿ, ವಿಷ್ಣುಕ್ರಾಂತಿ. ಒಂದೊಂದು ಹೆಸರಿಗೂ ಜನ ಅಯ್ಯೋ ಹೌದಾ ಎನ್ನುತ್ತಿದ್ದರು. ಕಪ್ಪೆಗೆ, ಚಿಟ್ಟೆಗೆ, ನೀರಿಗೆ ಅಲುಗಾಡದ ಸಭೆ ಗಣಪತಿಯ ಹೆಸರಿಗೆ ಕರಗಿ ನೀರಾಯಿತು. ಇಂಟರ್‌ಲಾಕ್ ಮಾತು ಅಲ್ಲಿಗೇ ನಿಂತಿತು. ಮನೆಗೆ ಬರುತ್ತಾ ನಾನು ದಾರಿಯುದ್ದಕ್ಕೂ ಬೀಗಿದೆ. ಅತ್ತೆಗೆ ಹೇಳಿದೆ, ನಿಮ್ಮ ಗಿಡ ಉಳಿಯಿತು ಅಂತ. ಅತ್ತೆ ಎಲೆಅಡಿಕೆ ಅಗಿಯುತ್ತಾ ಬರೀ ಹೂಂ ಎಂದರು.

ಉಳಿಸುವುದೆಂದರೆ ನಮ್ಮ ಜನ ಸುಮ್ಮನೆ ಬಿಡುತ್ತಾರೆಯೇ? ಒಂದು ಗಿಡವನ್ನು ಅದರ ಪಾಡಿಗೆ ಬಿಡುವುದು ಇವರಿಗೆ ಯಾರೂ ಕಲಿಸಿಲ್ಲ. ಮಾರನೆಯ ವಾರವೇ ಓಣಿಯ ಬಾಯಿಗೆ ಬೋರ್ಡು ಬಂತು. ಹಸಿರು ಬಣ್ಣದ ಮೇಲೆ ಹಳದಿ ಅಕ್ಷರ, “ಶ್ರೀ ಗಣಪತಿ ಪತ್ರೆವನ”. ಅದರ ಹಿಂದೆಯೇ ಗೂಡ್ಸ್ ಆಟೋದಲ್ಲಿ ನರ್ಸರಿಯ ಸಸಿಗಳು ಬಂದವು. ದೇವದಾರು ಎಂದು ತಂದಿದ್ದು ಕಾಂಪೌಂಡಿನ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆಯುತ್ತದಲ್ಲ, ಆ ಗಿಡ. ನಾನು ಅಡಿಗೆಮನೆಯಲ್ಲಿದ್ದೆ, ಹಿಂದೆ ಗುದ್ದಲಿಯ ಸದ್ದು. ಓಡಿಹೋಗಿ ನೋಡಿದರೆ ಇಬ್ಬರು ಕೂಲಿಯವರು ಓಣಿಯ ಆ ತುದಿಯಿಂದ ಕಳೆ ಕೆರೆಯುತ್ತಾ ಬರುತ್ತಿದ್ದಾರೆ. ಕೆರೆದು ಗುಡ್ಡೆ ಹಾಕಿದ ಕಳೆ ಯಾವುದು? ಉತ್ತರಣೆ, ತುಂಬೆ, ಗರಿಕೆ! ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಗುದ್ದಲಿಯ ಮುಂದೆ ಹೋಗಿ ನಿಂತುಬಿಟ್ಟೆ. ಕಾರ್ಯದರ್ಶಿಗಳಿಗೆ ಆಶ್ಚರ್ಯ. ಪತ್ರೆ ಗಿಡ ನೆಡಲು ಜಾಗ ಬೇಕಲ್ಲ ಮೇಡಂ ಎಂದರು. ಕೆರೆಸುತ್ತಿರುವುದೇ ಪತ್ರೆ ಸಾರ್ ಎಂದೆ. ಅವರು ಗುಡ್ಡೆಯನ್ನೂ ಬೋರ್ಡನ್ನೂ ನೋಡಿ, ಇದೇನಾ ಉತ್ತರಣೆ, ನಮ್ಮ ಪ್ಯಾಂಟಿಗೆ ಅಂಟಿಕೊಳ್ಳುತ್ತಲ್ಲ ಅದೇನಾ ಎಂದು ಕೇಳಿದರು. ಪಾಪ, ಮನಸ್ಸಿನಲ್ಲಿ ಕಪಟವಿಲ್ಲ. ತಕ್ಷಣ ಕೆಲಸ ನಿಲ್ಲಿಸಿದರು. ನನಗೆ ಕೈಮುಗಿದು ಕ್ಷಮೆಯನ್ನೂ ಕೇಳಿದರು.

ಆಮೇಲೆ ನೀರಿನ ಜಗಳ. ವಿಷ್ಣುಕ್ರಾಂತಿ ಬಾಡಿದ ಹಾಗೆ ಕಾಣುತ್ತದೆಂದು ಯಾರೋ ಪೈಪು ತಂದು ಬಿಡತೊಡಗಿದರು. ಅದು ಬಯಲಿನ ಗಿಡ, ಬರಡು ನೆಲ ಕಂಡರೆ ಅದಕ್ಕೆ ಪ್ರೀತಿ, ಕೆಸರು ಮಾಡಿದರೆ ಕೊಳೆತುಹೋಗುತ್ತದೆ ಎಂದು ಬಾಯಿ ಬಡಿದುಕೊಂಡೆ. ಅಂತೂ ಪೈಪು ಹೋಯಿತು. ದಿಬ್ಬದ ಸುತ್ತ ಇಟ್ಟಿಗೆ ಕಟ್ಟಿ ಸುಣ್ಣ ಬಳಿದರು. ಬಳಿಯಲಿ, ಕಾಲ್ತುಳಿತವಾದರೂ ತಪ್ಪುತ್ತದೆ ಎಂದುಕೊಂಡೆ. ಅತ್ತೆ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಒಂದು ಸಂಜೆ ನನ್ನನ್ನು ಹತ್ತಿರ ಕರೆದು ಹೇಳಿದರು, “ಇದು ಇಲ್ಲೈತೆ ಅಂತ ಇಷ್ಟು ಜನಕ್ಕೆ ಗೊತ್ತಾಗ್ಬಾರದಿತ್ತು ಕಣಮ್ಮ.” ಅಷ್ಟಾದರೂ ಗೊತ್ತಾಗದಿದ್ದರೆ ಇಷ್ಟೊತ್ತಿಗೆ ಸಿಮೆಂಟು ಬಿದ್ದಿರುತ್ತಿತ್ತು ಅತ್ತೆ ಎಂದೆ. ಅದೂ ನಿಜವೇ ಬುಡು ಎಂದರು.

ಹಬ್ಬ ಹತ್ತಿರ ಬಂತು. ಕಾರ್ಯದರ್ಶಿಗಳು ವಿಷ್ಣುಕ್ರಾಂತಿಯ ಹೂವು ಅರಳಿದ್ದಾಗ ಒಂದು ಫೋಟೋ ತೆಗೆದು ಸಂಘದ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ನಿಜಕ್ಕೂ ಚೆನ್ನಾಗಿ ತೆಗೆದಿದ್ದರು. ಅಪ್ಪಟ ವಿಷ್ಣುಕ್ರಾಂತಿ, ನಮ್ಮ ಪತ್ರೆವನದಲ್ಲಿ, ಭಕ್ತಾದಿಗಳು ಮಿತವಾಗಿ ಉಪಯೋಗಿಸಿಕೊಳ್ಳಬೇಕಾಗಿ ವಿನಂತಿ ಎಂದು ಕೆಳಗೆ ಬರೆದಿದ್ದರು. ಮಿತವಾಗಿ ಎಂದು ಸೇರಿಸಿದ್ದು ನನ್ನ ಒತ್ತಾಯಕ್ಕೆ. ಆ ಫೋಟೋ ನಮ್ಮ ಗುಂಪಿನಿಂದ ಪಕ್ಕದ ಬೀದಿಯ ಗುಂಪಿಗೆ, ಅಲ್ಲಿಂದ ಭಜನೆಯವರ ಗುಂಪಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಯಿತು. ನಮ್ಮೂರ ಹೆಬ್ಬಾಳದಲ್ಲಿ ಕಾರ್ಖಾನೆ ಕೆಲಸದಲ್ಲಿರುವ ನಮ್ಮ ತಂಗಿಯ ಗಂಡ ಫೋನು ಮಾಡಿ, ಅತ್ತಿಗೆ, ನಿಮ್ಮ ಕಡೆ ಒರಿಜಿನಲ್ ವಿಷ್ಣುಕ್ರಾಂತಿ ಸಿಗುತ್ತಂತಲ್ಲ, ನಮ್ಮ ಶಿಫ್ಟಿನವರೆಲ್ಲ ಕೇಳುತ್ತಿದ್ದಾರೆ ಎಂದ. ಆಗಿಂದಾಗಲೇ ಕಾರ್ಯದರ್ಶಿಗಳ ಮನೆಗೆ ಹೋಗಿ ಫೋಟೋ ತೆಗೆದುಹಾಕಿ ಎಂದೆ. ತೆಗೆದುಹಾಕಿದರು. ಆ ಹೊತ್ತಿಗೆ ಅದು ಊರೆಲ್ಲ ಸುತ್ತಿ ನಮ್ಮ ಗುಂಪಿಗೇ ವಾಪಸು ಬಂದಾಗಿತ್ತು.

ಹಬ್ಬದ ಬೆಳಿಗ್ಗೆ ಬೇಗ ಎದ್ದು ಮೊದಲು ಪತ್ರೆ ತಂದಿಟ್ಟುಬಿಡೋಣ ಎಂದು ನಾನು ಹೇಳಿದೆ. ಅತ್ತೆ ಒಪ್ಪಲಿಲ್ಲ. ಸ್ನಾನವಾಗದೆ ಮುಟ್ಟುವುದಿಲ್ಲ, ಬಿಸಿಲು ಬರದೆ ಹೂವು ಬಿಡುವುದಿಲ್ಲ, ಹೂವಿನ ಜೊತೆ ಕೀಳುವುದೇ ಚೆಂದ ಎಂದರು. ಸರಿ ಎಂದು ನಾನು ಕಡುಬಿನ ಕೆಲಸಕ್ಕೆ ಕೂತೆ. ಹೂರಣ ಕೆದಕುತ್ತಿರುವಾಗಲೇ ಓಣಿಯಲ್ಲಿ ಮಾತು ಕೇಳಿಸುತ್ತಿತ್ತು. ನಾಲ್ಕು ಜನ ಬಂದಿರಬಹುದು, ಬರಲಿ, ಹಬ್ಬವಲ್ಲವೇ ಎಂದುಕೊಂಡೆ. ಸದ್ದು ಸಂತೆಯಂತಾದಾಗ ಒಲೆ ಆರಿಸಿ ಹಿತ್ತಿಲ ಬಾಗಿಲು ತೆರೆದೆ.

ಓಣಿ ತುಂಬ ಜನ. ರೇಷ್ಮೆ ಸೀರೆ, ಜರತಾರಿ ಪಂಚೆ, ಕೈಯಲ್ಲಿ ಬುಟ್ಟಿ, ಪ್ಲಾಸ್ಟಿಕ್ ಕವರು. ಎಕ್ಕದ ಗಿಡದಲ್ಲಿ ಎಲೆ ಇರಲಿಲ್ಲ, ಹುಳುಗಳು ಬರೀ ಕಾಂಡದ ಮೇಲೆ ಹರಿದಾಡುತ್ತಿದ್ದವು. ದತ್ತೂರವನ್ನು ರೆಂಬೆ ಸಮೇತ ಮುರಿದಿದ್ದರು. ಜನರನ್ನು ಸರಿಸಿಕೊಂಡು ದಿಬ್ಬದ ಹತ್ತಿರ ಹೋದೆ. ಸುಣ್ಣ ಬಳಿದ ಇಟ್ಟಿಗೆಯ ನಡುವೆ ಕೆಂಪು ಮಣ್ಣು ಮಾತ್ರ ಇತ್ತು. ಹೊಸದಾಗಿ ಕೆದಕಿದ ಮಣ್ಣು. ಕುಡಿ ಚಿವುಟಲು ಉಗುರು ಬೇಕು, ತಾಳ್ಮೆ ಬೇಕು. ಇವರು ಎಳೆದಿದ್ದಾರೆ, ಎಳೆದಾಗ ಬುಡವೇ ಕೈಗೆ ಬಂದಿದೆ, ಬಂದದ್ದನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ. ನಸುಕಿನಲ್ಲೇ ಯಾರೋ ಬೇರೆ ಬಡಾವಣೆಯವರು ಸ್ಕೂಟರಿನಲ್ಲಿ ಬಂದು ಒಯ್ದರಂತೆ, ಉಳಿದದ್ದನ್ನು ಅವರ ಹಿಂದೆ ಬಂದ ನಮ್ಮ ಬೀದಿಯವರು. ಈಗ ನಿಂತಿದ್ದವರಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ನಾನು ಕೂಗಾಡಬೇಕಿತ್ತು. ಅಷ್ಟರಲ್ಲಿ ನಮ್ಮ ಹಿಂದಿನ ಮನೆಯಾಕೆ ಬಂದು ನನ್ನ ಕೈ ಹಿಡಿದುಕೊಂಡು, ನಿಮ್ಮಿಂದ ಈ ವರ್ಷ ಎಷ್ಟು ಜನಕ್ಕೆ ನಿಜವಾದ ಪತ್ರೆ ಸಿಕ್ಕಿತು ನೋಡಿ, ನಿಮಗೆ ಪುಣ್ಯ ಬರುತ್ತೆ ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಇನ್ನೊಬ್ಬರು, ನಮಗೆ ವಿಷ್ಣುಕ್ರಾಂತಿ ಸಿಗಲೇ ಇಲ್ಲ ಮೇಡಂ, ಮುಂದಿನ ವರ್ಷ ಸ್ವಲ್ಪ ಜಾಸ್ತಿ ಬೆಳೆಸಿ ಎಂದರು. ಬೆಳೆಸುವುದಂತೆ! ಕಾರ್ಯದರ್ಶಿಗಳು ಬರಿಗೈಯಲ್ಲಿ ನಿಂತಿದ್ದರು. ಅವರಿಗೂ ಸಿಕ್ಕಿರಲಿಲ್ಲ. ನನ್ನ ಮುಖ ನೋಡಿ ಅವರಿಗೆ ಏನೋ ಹೊಳೆದಿರಬೇಕು, ಸಮಾಧಾನ ಮಾಡಲು ಬಂದರು.

“ಬೇಜಾರು ಮಾಡ್ಕೋಬೇಡಿ ಮೇಡಂ. ಅಕ್ಷತೆ ಹಾಕಿದ್ರೆ ಆಯ್ತು.”

ಹಬ್ಬದ ದಿನ ನನ್ನ ಬಾಯಿಂದ ಏನು ಬಂದುಬಿಡುತ್ತದೋ ಎಂದು ನನಗೇ ಭಯವಾಯಿತು. ಜನ ಕರಗಿದ ಮೇಲೆ ದಿಬ್ಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕಿದೆ. ಒಂದು ತುಂಡು ಬೇರಾದರೂ ಉಳಿದಿರಬಹುದೇನೋ ಎಂದು. ಸಿಕ್ಕಿದ್ದು ಯಾರದೋ ಬುಟ್ಟಿಯಿಂದ ಬಿದ್ದ ಸೇವಂತಿಗೆ ಎಸಳು. ಎದ್ದು ಸೀರೆ ಒದರಿಕೊಂಡರೆ ನೆರಿಗೆಯ ತುಂಬ ಉತ್ತರಣೆಯ ಬೀಜ. ಅದೊಂದು ಗಿಡಕ್ಕೆ ಬದುಕುವ ದಾರಿ ಗೊತ್ತು, ಎಷ್ಟು ಕಿತ್ತರೂ ಕಿತ್ತವರ ಬಟ್ಟೆಗೇ ಅಂಟಿಕೊಂಡು ಹೊಸ ಊರಿಗೆ ಹೋಗುತ್ತದೆ. ವಿಷ್ಣುಕ್ರಾಂತಿಗೆ ಆ ಜಾಣತನವಿಲ್ಲ.

ಒಳಗೆ ಬಂದರೆ ಅತ್ತೆ ಸ್ನಾನ ಮುಗಿಸಿ, ಒಗೆದ ಸೀರೆಯುಟ್ಟು, ಹಿತ್ತಿಲಿಗೆ ಹೋಗಲು ಸಿದ್ಧರಾಗಿ ನನ್ನ ಕೈಗಾಗಿ ಕಾಯುತ್ತಾ ಕೂತಿದ್ದರು. ನನ್ನ ಉಗುರಿನಲ್ಲಿದ್ದ ಕೆಂಪು ಮಣ್ಣು ನೋಡಿದರು. ಹೇಗೆ ಹೇಳುವುದೆಂದು ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

“ಬೇರು?”

ಇಲ್ಲ ಅತ್ತೆ ಎಂದೆ. ಅವರು ಹಿತ್ತಿಲ ಕಡೆ ತಿರುಗಿಯೂ ನೋಡದೆ ಗೋಡೆ ಹಿಡಿದುಕೊಂಡು ಒಬ್ಬರೇ ದೇವರ ಮನೆಗೆ ನಡೆದರು.

ಪೂಜೆ ಶುರುವಾಯಿತು. ನಮ್ಮನೆಯವರು ಫೋನನ್ನು ಗೋಡೆಗೆ ಒರಗಿಸಿಟ್ಟರು. ಪುರೋಹಿತರು ಎಂದಿನಂತೆ ಓಡತೊಡಗಿದರು. ಮಾಚಿಪತ್ರೆಗೆ ಮಾರ್ಕೆಟ್ಟಿನ ಎಲೆ, ಬಿಲ್ವಕ್ಕೆ ಬಿಲ್ವ, ಬೋರೆಗೆ ಅಕ್ಷತೆ. ಉತ್ತರಣೆಗೆ ಮುರಿದುಬಿದ್ದಿದ್ದ ಒಂದು ಕಡ್ಡಿಯನ್ನು ನಾನೇ ಎತ್ತಿಕೊಂಡು ಬಂದಿದ್ದೆ. ತುಳಸಿಗೆ ತುಳಸಿ, ಮಾವಿಗೆ ಮಾವು, ಕಣಗಿಲೆಗೆ ಕಣಗಿಲೆ. ಆಮೇಲೆ ವಿಷ್ಣುಕ್ರಾಂತಿ ಎಂದರು ಪುರೋಹಿತರು. ನಮ್ಮನೆಯವರ ಕೈ ರೂಢಿಯಂತೆ ಅಕ್ಷತೆ ಬಟ್ಟಲಿಗೆ ಹೋಯಿತು. ಅತ್ತೆ ಮುಂದೆ ಬಗ್ಗಿ ಮಗನ ಮಣಿಕಟ್ಟು ಹಿಡಿದುಕೊಂಡರು. ಜೀವಮಾನವೆಲ್ಲ ಅಕ್ಷತೆ ಆಕು ಬುಡು ಎಂದವರು.

“ಆಕ್ಬ್ಯಾಡ” ಎಂದರು. “ಇಲ್ಲ ಅನ್ನು.”

ನಮ್ಮನೆಯವರು ತಿರುಗಿ ನನ್ನ ಮುಖ ನೋಡಿದರು. ಅತ್ತೆ ಹಿಡಿದ ಕೈ ಬಿಡಲಿಲ್ಲ. ಕೊನೆಗೆ ನಮ್ಮನೆಯವರು ಗಣಪತಿಯ ಮುಂದೆ ಬರಿಗೈ ಚಾಚಿ, ಶಾಲೆಯಲ್ಲಿ ಹಾಜರಿಗೆ ಹೇಳುವ ಹುಡುಗನ ದನಿಯಲ್ಲಿ, ವಿಷ್ಣುಕ್ರಾಂತಿ ಇಲ್ಲ ಎಂದರು. ಅಷ್ಟು ಹೊತ್ತಿಗೆ ಫೋನಿನ ಪುರೋಹಿತರು ದಾಳಿಂಬೆಗೆ ಹೋಗಿಯಾಗಿತ್ತು.